ಕೂತಿದ್ದಳು ಎಂದರೆ ಸರಿ

ಬಾಳಗಡಿಯ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದ ವರ್ಷವೇ ನಾನು ಕೊಪ್ಪ ಪೇಟೆಯ ಒಂದು ದೊಡ್ಡ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದೆ. ಬಿಲ್ ಮಾಡುವ ಕೆಲಸ. ಕಂಪ್ಯೂಟರ್ ಎದುರಿಗೆ ಕೂರಬೇಕಾದ್ದರಿಂದ ನನಗೊಂದು ಕುರ್ಚಿ ಇತ್ತು. ಸೀರೆ ತೋರಿಸುವ ಹೆಂಗಸರಿಗೆ ಇರಲಿಲ್ಲ. ಗಿರಾಕಿ ಇರಲಿ ಬಿಡಲಿ, ಬೆಳಿಗ್ಗೆ ಶಟರ್ ಎತ್ತಿದಾಗಿನಿಂದ ಅದು ಇಳಿಯುವ ತನಕ ಅವರು ನಿಂತೇ ಇರಬೇಕು. ಗೋಡೆಗೆ ಒರಗುವಂತಿಲ್ಲ, ಕೌಂಟರಿನ ಮೇಲೆ ಮೊಣಕೈ ಊರುವಂತಿಲ್ಲ. ಕೆಲಸದವರು ಕೂತರೆ ಅಂಗಡಿಗೆ ಕಳೆ ಇರುವುದಿಲ್ಲ ಎಂದು ಯಜಮಾನರು ಹೇಳುತ್ತಿದ್ದರು.

ಹೆಂಗಸರಿಗೆ ಶೌಚಾಲಯವೂ ಇರಲಿಲ್ಲ. ಮಹಡಿಯಲ್ಲಿ ಯಜಮಾನರ ಕೋಣೆಗೆ ಅಂಟಿಕೊಂಡು ಒಂದಿತ್ತು. ಅದು ಅವರಿಗೆ ಮತ್ತು ಮನೆಯಿಂದ ಬರುವ ಅವರ ಹೆಂಗಸರಿಗೆ. ಗಂಡಾಳುಗಳು ಹಿಂದಿನ ಓಣಿಗೆ ಹೋಗಿ ಬರುತ್ತಿದ್ದರು. ನಾವು ಮಾತ್ರ ಮ್ಯಾನೇಜರನ್ನು ಕೇಳಿ, ಪೇಟೆಯ ಸಾರ್ವಜನಿಕ ಶೌಚಾಲಯದ ತನಕ ನಡೆದು ಹೋಗಬೇಕಿತ್ತು. ಮ್ಯಾನೇಜರ್ ನಲವತ್ತರ ಆಸುಪಾಸಿನ, ಹಣೆಗೆ ಗಂಧವಿಟ್ಟು ಬರುತ್ತಿದ್ದ ಮನುಷ್ಯ. ಕೇಳಲು ಹೋದರೆ ಗಿರಾಕಿಗಳ ಎದುರಿಗೇ, "ಈಗಷ್ಟೇ ಹೋಗಿದ್ಯಲ್ಲ?" ಎನ್ನುತ್ತಿದ್ದ. ಆ ಮಾತು ಕೇಳುವುದು ಬೇಡವೆಂದು ಹಗಲು ನೀರು ಕುಡಿಯುವುದನ್ನೇ ಬಿಟ್ಟವರಿದ್ದರು. ಅವರಲ್ಲಿ ಒಬ್ಬ ಹುಡುಗಿಗೆ ಮೂತ್ರದ ಸೋಂಕಾಗಿ ಜ್ವರ ಬಂತು. ವಾರ ಮಲಗೆದ್ದು ಬಂದವಳನ್ನು ಅವನು ಬಾಗಿಲಲ್ಲೇ ನಿಲ್ಲಿಸಿ, "ಬಸುರಿಯಾಗಿದ್ಯೇನೆ?" ಎಂದು ಕೇಳಿದ. ಅವಳಿಗೆ ಮದುವೆಯಾಗಿರಲಿಲ್ಲ. ಅದು ಗೊತ್ತಿದ್ದೇ ಕೇಳಿದ್ದ. ಆ ದಿನ ಮಧ್ಯಾಹ್ನ ಬುತ್ತಿ ಬಿಚ್ಚಿದರೂ ನನಗೆ ಊಟ ಸೇರಲಿಲ್ಲ.

ನಾವೆಲ್ಲ ಅಕ್ಕ ಎಂದು ಕರೆಯುತ್ತಿದ್ದವಳು ಅಲ್ಲಿನ ಹೆಂಗಸರಲ್ಲಿ ಹಿರಿಯಳು. ಜಯಪುರದ ಹತ್ತಿರದವಳು. ತಾಯಿ ತಂದೆ ಎಸ್ಟೇಟಿನಲ್ಲಿ ಕೂಲಿ ಮಾಡಿದವರು, ಗಂಡನೂ ಕಾಫಿ ತೋಟದ ಕೆಲಸಕ್ಕೇ ಹೋಗುತ್ತಿದ್ದ. ನಗು ಬಂದರೆ ಸದ್ದಿಲ್ಲದೆ ಭುಜ ಕುಣಿಸಿ ನಗುವುದು ಅವಳ ಅಭ್ಯಾಸ. ಗಿರಾಕಿಗೆ ಒಪ್ಪದ ಬಣ್ಣವನ್ನು ಒಪ್ಪುತ್ತದೆ ಎಂದು ಹೇಳಲು ಅವಳಿಗೆ ಬಾಯಿ ಬರುತ್ತಿರಲಿಲ್ಲ. ಅದಕ್ಕಾಗಿ ಬೈಸಿಕೊಂಡದ್ದೂ ಉಂಟು. ವರ್ಷಗಟ್ಟಲೆ ನಿಂತು ಅವಳ ಕಾಲಿನ ನರಗಳು ಹಗ್ಗದ ಹಾಗೆ ಉಬ್ಬಿದ್ದವು. ಯಾರಿಗೂ ಕಾಣದಿರಲೆಂದು ಸೀರೆಯ ಒಳಗೆ ಉದ್ದದ ಸಾಕ್ಸ್ ಹಾಕುತ್ತಿದ್ದಳು.

ಒಂದು ಆಷಾಢದ ಮಧ್ಯಾಹ್ನ ಅಂಗಡಿಯಲ್ಲಿ ಒಬ್ಬ ಗಿರಾಕಿಯೂ ಇರಲಿಲ್ಲ. ಅಕ್ಕ ಮೂಲೆಯಲ್ಲಿದ್ದ, ಇನ್ನೂ ಬಿಚ್ಚದ ಸೀರೆಯ ಬಂಡಲಿನ ಮೇಲೆ ಕೂತಳು. ಯಜಮಾನರು ಆ ಹೊತ್ತಿಗೆ ಶೃಂಗೇರಿಯಲ್ಲಿ ಸಂಬಂಧಿಕರ ಮನೆಯಲ್ಲಿದ್ದರು. ಆದರೆ ಅಂಗಡಿಯ ಕ್ಯಾಮೆರಾಗಳೆಲ್ಲ ಅವರ ಮೊಬೈಲಿನಲ್ಲಿ ಕಾಣುತ್ತಿದ್ದವು. ನನ್ನ ಟೇಬಲ್ಲಿನ ಫೋನು ಹೊಡೆದುಕೊಂಡಿತು. ಸ್ಪೀಕರ್ ಹಾಕಲು ಹೇಳಿದರು.

"ಆ ಬಂಡಲ್ ಮೇಲಿಂದ ಏಳು."

ಅಕ್ಕ ಕ್ಯಾಮೆರಾದ ಕಡೆ ಮುಖ ಎತ್ತಿದಳು. "ಗಿರಾಕಿ ಯಾರೂ ಇಲ್ಲ ಯಜಮಾನ್ರೆ. ಬಂದ ಕೂಡ್ಲೆ ಏಳ್ತೀನಿ."

"ನಾನು ನೋಡ್ತಾ ಇದೀನಿ. ಈಗ ಏಳು."

"ಕಾಲು ಬಾತುಬಿಟ್ಟಿದೆ. ಒಂಚೂರು ಕೂತ್ಕೊತೀನಿ."

ಫೋನು ಕಟ್ಟಾಯಿತು. ಅಕ್ಕ ಒಂಚೂರು ಎಂದಷ್ಟೇ ಹೊತ್ತು ಕೂತು, ತಾನಾಗಿಯೇ ಎದ್ದಳು. ಮಾರನೆಯ ಬೆಳಿಗ್ಗೆ ಅವಳು ಬಂದಾಗ ಮ್ಯಾನೇಜರ್ ಗಾಜಿನ ಬಾಗಿಲಿಗೆ ಅಡ್ಡ ನಿಂತು, "ನೀನಿನ್ನು ಬರೋದು ಬ್ಯಾಡ" ಎಂದ. ಯಾಕೆಂದು ಕೇಳಿದ್ದಕ್ಕೆ, "ಮನೇಲಿ ಕೂತ್ಕೊ, ಯಾರೂ ಏಳ್ಸಲ್ಲ" ಎಂದು ಒಳಗೆ ಬಂದ. ಅಕ್ಕ ಬುತ್ತಿಯ ಚೀಲ ಹಿಡಿದು ಮಧ್ಯಾಹ್ನದ ತನಕ ಅಂಗಡಿಯ ಎದುರೇ ನಿಂತಿದ್ದಳು. ನಾವು ಒಳಗಿನಿಂದ ನೋಡುತ್ತಿದ್ದೆವು. ಮ್ಯಾನೇಜರ್ ಆ ಮಾತನ್ನು ಆ ದಿನವೆಲ್ಲ ಬಂದವರಿಗೆ ಹೋದವರಿಗೆ ಹೇಳಿಕೊಂಡು ನಕ್ಕ.

ಅದಾಗಿ ಕೆಲವೇ ತಿಂಗಳಿಗೆ ನನಗೆ ನರಸಿಂಹರಾಜಪುರದ ಒಂದು ಸಹಕಾರ ಸಂಘದಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತು. ಕಡಹಿನಬೈಲಿನ ನಮ್ಮ ಮನೆಯಿಂದ ಹೋಗಿ ಬರಲು ಅದೇ ಹತ್ತಿರ. ಅಂಗಡಿ ಬಿಟ್ಟೆ. ಅಕ್ಕ ಅಷ್ಟರಲ್ಲಿ ಕಾರ್ಮಿಕ ಅಧಿಕಾರಿಗಳಿಗೆ ದೂರು ಕೊಟ್ಟಿದ್ದಳು. ಅವರು ಇಬ್ಬರನ್ನೂ ಕರೆಸಿ ರಾಜಿಗೆ ಕೂರಿಸಿದಾಗ, ಅವಳನ್ನು ಯಾರೂ ತೆಗೆದೇ ಇಲ್ಲ, ತಾನೇ ಬಿಟ್ಟು ಹೋದಳು ಎಂದು ಯಜಮಾನರು ಹೇಳಿದರು. ರಾಜಿ ಮುರಿಯಿತು. ಮುಂದಿನ ದಾರಿ ಕಾರ್ಮಿಕ ನ್ಯಾಯಾಲಯ. ಅದಿದ್ದದ್ದು ಬಸ್ಸಿನಲ್ಲಿ ಅರ್ಧ ದಿನದ ದಾರಿಯ ಬೇರೆ ಊರಿನಲ್ಲಿ. ಅಕ್ಕ ಫೋನ್ ಮಾಡಿದಳು.

"ಸಾಕ್ಷಿಗೆ ನಿನ್ನ ಹೆಸ್ರು ಕೊಡ್ಲನಾ ಮಾರಾಯ್ತಿ? ಬ್ಯಾಡ ಅಂದ್ರೆ ಬ್ಯಾಡ. ನಂಗೇನು ಬೇಜಾರಿಲ್ಲ."

"ಕೊಡು ಅಕ್ಕ."

"ಮನೇಲಿ ಕೇಳಿ ಹೇಳು."

"ಕೇಳೋದೆಂತ? ನಾನು ಅಲ್ಲೇ ಇದ್ದೆ, ನೋಡಿದ್ದೆ."

ನನ್ನ ಹೆಸರು ಹೋದ ಸುದ್ದಿ ಅಂಗಡಿಗೆ ಬೇಗ ಮುಟ್ಟಿತು. ಒಂದು ಭಾನುವಾರ ಮ್ಯಾನೇಜರ್ ನಮ್ಮ ಮನೆಗೆ ಬಂದ. ಗದ್ದೆಯಲ್ಲಿ ಭತ್ತದ ಸಸಿಯ ನೆಟ್ಟಿ ನಡೆಯುತ್ತಿತ್ತು. ಅಮ್ಮ ಕೆಸರುಗಾಲಿನಲ್ಲೇ ಜಗಲಿಗೆ ಬಂದು ಮಾತಾಡಿಸಿದಳು. ಅವನು ಅಂಗಡಿಯ ಹೆಸರಿದ್ದ ಚೀಲದಿಂದ ಒಂದು ರೇಷ್ಮೆ ಸೀರೆಯ ಡಬ್ಬಿ ತೆಗೆದು ಅಮ್ಮನ ಎದುರಿಟ್ಟ.

"ಯಜಮಾನ್ರು ಕಳ್ಸಿದ್ದು. ನಿಮ್ಮ ಹುಡುಗಿ ಒಳ್ಳೇ ಕೆಲಸ ಮಾಡಿದ್ಲು ಅಂತ."

"ಕೆಲಸ ಬಿಟ್ಟು ಎಷ್ಟು ಕಾಲ ಆಯ್ತು. ಈಗೆಂತಕ್ಕೆ ನೆನಪಾಯ್ತು?" ಎಂದಳು ಅಮ್ಮ.

"ಹಂಗೇನಿಲ್ಲ. ಕೋರ್ಟು ಕಚೇರಿ ಅಂದ್ರೆ ಹೆಣ್ಮಕ್ಕಳಿಗೆ ಒಳ್ಳೇದಲ್ಲ ನೋಡಿ. ಅಲ್ಲಿ ಎಂತೆಂತೋ ಕೇಳ್ತಾರೆ. ನಾಳೆ ಮದ್ವೆ ಆಗ್ಬೇಕಾದವ್ಳು."

ಅಮ್ಮ ಡಬ್ಬಿಯನ್ನು ಮುಟ್ಟಲಿಲ್ಲ. "ಕಾಫಿ ಕುಡ್ದು ಹೋಗಿ. ಇದನ್ನ ತಗೊಂಡು ಹೋಗಿ" ಎಂದಷ್ಟೇ ಹೇಳಿ ಗದ್ದೆಗೆ ಇಳಿದಳು. ಅವನು ಕಾಫಿಯನ್ನು ಪೂರ್ತಿ ಕುಡಿದ. ಹೊರಡುವಾಗ ಡಬ್ಬಿಯನ್ನು ಮತ್ತೆ ಚೀಲಕ್ಕೆ ತುಂಬುತ್ತಾ ನನ್ನನ್ನು ನೋಡಿ ನಕ್ಕ ನಗು ಎಷ್ಟು ಸಲೀಸಾಗಿತ್ತೆಂದರೆ, ಅವನು ಕೂತ ಜಾಗವನ್ನು ನಾನು ಎರಡೆರಡು ಸಲ ಒರೆಸಿದೆ.

ನ್ಯಾಯಾಲಯದ ದಿನ ಮೊದಲು ಅಕ್ಕನ ಪಾಟೀಸವಾಲು. ಸಾಕ್ಷಿ ಹೇಳಬೇಕಾದವಳು ಹೊರಗಿರಬೇಕು ಎಂದು ನನ್ನನ್ನು ಬಾಗಿಲಾಚೆಯ ಬೆಂಚಿನಲ್ಲಿ ಕೂರಿಸಿದ್ದರು; ಬಾಗಿಲು ತೆರೆದೇ ಇದ್ದುದರಿಂದ ಎಲ್ಲವೂ ಕಾಣುತ್ತಿತ್ತು, ಕೇಳುತ್ತಿತ್ತು. ನ್ಯಾಯಾಧೀಶರು ಸಾವಧಾನದ ಮನುಷ್ಯರು. ಅಕ್ಕನಿಗೆ ಬೇಕಾದರೆ ಕೂತು ಉತ್ತರಿಸಬಹುದು ಎಂದರು. ಅಂಗಡಿಯ ವಕೀಲರು ಅದಕ್ಕೆ ನಕ್ಕು, "ಸಾರ್, ಕೇಸು ಅದೇ" ಎಂದರು. ಕೋಣೆಯಲ್ಲಿದ್ದ ಕೆಲವರು ನಕ್ಕರು. ಅಕ್ಕ ಕೂರಲಿಲ್ಲ.

"ಏನಮ್ಮಾ, ನಿಮಗೆ ಸಕ್ಕರೆ ಕಾಯಿಲೆ ಇದೆಯಾ?" ವಕೀಲರು ಶುರುಮಾಡಿದರು.

"ಇಲ್ಲ ಸ್ವಾಮಿ."

"ಮತ್ತೆ ದಿನಕ್ಕೆ ಎಷ್ಟು ಸಲ ಹೋಗ್ತಿದ್ರಿ?"

ನಮ್ಮ ವಕೀಲರು ಎದ್ದು ಆಕ್ಷೇಪಿಸಿದರು. ನ್ಯಾಯಾಧೀಶರು ಅಷ್ಟು ವಿವರ ಬೇಡ, ಮುಂದಕ್ಕೆ ಹೋಗಿ ಎಂದರು. ವಕೀಲರು ಮುಂದಕ್ಕೆ ಹೋದರು.

"ನೀವು ಹುಟ್ಟಿದ್ದು ಎಸ್ಟೇಟ್ ಕೂಲಿ ಲೈನಲ್ಲಿ ಅಲ್ವಾ? ಅಲ್ಲಿ ಎಲ್ಲಿಗೆ ಹೋಗ್ತಿದ್ರಿ?"

"ಕಾಡಿಗೆ."

"ಕಾಡಲ್ಲಿ ನಡೀತಿತ್ತು. ಪೇಟೆಗೆ ಬಂದ ಮೇಲೆ ಕಷ್ಟ ಆಯ್ತು."

"ಕಾಡಲ್ಲಿ ಯಾರನ್ನೂ ಕೇಳಿ ಹೋಗ್ಬೇಕಿರ್ಲಿಲ್ಲ ಸ್ವಾಮಿ" ಎಂದಳು ಅಕ್ಕ.

ಆಗ ನಗು ನಿಂತಿತು. ಆದರೆ ಆ ಮಾತು ಬರೆಯಲ್ಪಡಲಿಲ್ಲ. ನ್ಯಾಯಾಲಯದಲ್ಲಿ ಸಾಕ್ಷಿ ಆಡಿದ ಮಾತು ಆಡಿದ ಹಾಗೇ ಕಾಗದಕ್ಕೆ ಇಳಿಯುತ್ತದೆ ಎಂದು ನಾನು ಅಲ್ಲಿಯ ತನಕ ತಿಳಿದಿದ್ದೆ. ಹಾಗಲ್ಲ. ಪ್ರಶ್ನೆ, ಉತ್ತರ ಎರಡನ್ನೂ ಸೇರಿಸಿ ಒಂದು ವಾಕ್ಯ ಮಾಡಿ ಟೈಪಿಸ್ಟಿಗೆ ಹೇಳುತ್ತಾರೆ. ವಕೀಲರ ಮಾತೇ ಸಾಕ್ಷಿಯ ಬಾಯಿಂದ ಬಂದ ಹಾಗೆ ಆಗುತ್ತದೆ. ಕೊನೆಗೆ 'ಎಂದರೆ ಸರಿ' ಅಥವಾ 'ಎಂದರೆ ಸರಿಯಲ್ಲ' ಎಂದು ಸೇರುತ್ತದೆ. ಅಕ್ಕನ ಹೇಳಿಕೆ ಹೀಗೆ ಬೆಳೆಯಿತು: ನಾನು ಬಂಡಲಿನ ಮೇಲೆ ಕೂತಿದ್ದೆ ಎಂದರೆ ಸರಿ. ಮಾಲೀಕರು ಏಳಲು ಹೇಳಿದಾಗ ನಾನು ಏಳಲಿಲ್ಲ ಎಂದರೆ ಸರಿ. ಕೆಲಸದ ವೇಳೆಯಲ್ಲಿ ನಾನು ಆಗಾಗ ಹೊರಗೆ ಹೋಗುತ್ತಿದ್ದೆ ಎಂದರೆ ಸರಿ.

ಸುಳ್ಳು ಎಂದು ತೋರಿಸಲು ಅದರಲ್ಲಿ ಒಂದು ಪದವೂ ಇರಲಿಲ್ಲ. ಬಾತ ಕಾಲು ಇರಲಿಲ್ಲ, ಖಾಲಿ ಅಂಗಡಿ ಇರಲಿಲ್ಲ, ಬಾಗಿಲಿಗೆ ಅಡ್ಡ ನಿಂತವನ ಮಾತು ಇರಲಿಲ್ಲ. ಅಕ್ಕ ಓದಿ ನೋಡಿ, "ಇದು ನಾನು ಹೇಳಿದ್ದೇ. ಆದ್ರೆ ನಾನು ಹೇಳಿದ ಹಂಗಿಲ್ಲ" ಎಂದಳು. ನಮ್ಮ ವಕೀಲರು, ಉಳಿದದ್ದು ಮೊದಲೇ ಕೊಟ್ಟ ಪ್ರಮಾಣಪತ್ರದಲ್ಲಿ ಬಂದಿದೆ, ಸಹಿ ಮಾಡಿ ಎಂದರು. ಮಾಡಿದಳು.

ನನ್ನ ಸರದಿ ಬಂದಾಗ ಅದೇ ವಕೀಲರು ನನ್ನನ್ನು ಮೇಡಂ ಎಂದರು, ಬಹುವಚನದಲ್ಲಿ ವಿನಯದಿಂದ ಮಾತಾಡಿದರು. ನನಗೆ ಕುರ್ಚಿ ಇತ್ತು ಎಂದರೆ ಸರಿ. ನನಗೆ ಯಾವ ತೊಂದರೆಯೂ ಆಗಿಲ್ಲ ಎಂದರೆ... ಅಲ್ಲಿ ನಾನು ತಡೆದೆ. "ಸರಿಯಲ್ಲ. ನಾನೂ ಮ್ಯಾನೇಜರನ್ನ ಕೇಳಿಯೇ ಹೋಗಬೇಕಿತ್ತು. ನಾನೂ ನೀರು ಕುಡಿಯುವುದನ್ನು ಬಿಟ್ಟಿದ್ದೆ. ಇದನ್ನು ಹೀಗೇ ಬರೆಸಿಕೊಳ್ಳಿ" ಎಂದೆ. ನ್ಯಾಯಾಧೀಶರು ನನ್ನನ್ನು ಒಮ್ಮೆ ನೋಡಿ, ಟೈಪಿಸ್ಟಿಗೆ ಹಾಗೇ ಹೇಳಿದರು. ವಕೀಲರ ಆ ವಿನಯವನ್ನು ಕೇಳಿ ಕೇಳಿ ಮೈಯೆಲ್ಲ ಅಂಟಂಟಾಗಿತ್ತು.

ಅಂಗಡಿಯವರು ಕ್ಯಾಮೆರಾದ ತುಣುಕನ್ನು ಸಾಕ್ಷ್ಯವಾಗಿ ಕೊಟ್ಟಿದ್ದರು. ಅಕ್ಕ ಕೂತದ್ದು, ಮುಖ ಎತ್ತಿ ನೋಡಿದ್ದು, ಅಷ್ಟೇ. ಎದ್ದದ್ದನ್ನು ಕತ್ತರಿಸಿದ್ದರು. ಕೆಲವೇ ದಿನಕ್ಕೆ ಆ ತುಣುಕು ವಾಟ್ಸಾಪಿನಲ್ಲಿ ಬಂತು. ಹಿಂದೆ ತಮಾಷೆಯ ಸಂಗೀತ, ಮೇಲೆ 'ಕೊಪ್ಪದ ಮಹಾರಾಣಿ' ಎಂಬ ಅಕ್ಷರ. ಯಾರು ಹರಿಯಬಿಟ್ಟರೋ ಯಾರೂ ಹೇಳಲಿಲ್ಲ. ನಮ್ಮ ಸಂಘಕ್ಕೆ ಬಂದ ಸದಸ್ಯರೊಬ್ಬರು ಕೌಂಟರಿನ ಮೇಲಿಂದ ಮೊಬೈಲು ಚಾಚಿ, "ನೋಡಿ ಮೇಡಂ, ನಿಮ್ಮ ಹಳೇ ಅಂಗಡಿ" ಎಂದು ತೋರಿಸಿದರು. ಮಗಳನ್ನು ಕಾಲೇಜಿಗೆ ಬಿಡಲು ಹೊರಟಿದ್ದರು, ಮಗಳೂ ಪಕ್ಕದಲ್ಲಿದ್ದಳು. "ಅವಳು ನನ್ನ ಅಕ್ಕ" ಎಂದೆ. ಒಡಹುಟ್ಟಿದವಳು ಎಂದುಕೊಂಡು ಗಾಬರಿಯಾದರು. ಹಾಗೇ ಅಂದುಕೊಳ್ಳಲಿ ಎಂದು ಬಿಟ್ಟೆ.

ಒಂದು ವಾರಪತ್ರಿಕೆಯವನೂ ಫೋನ್ ಮಾಡಿದ. ಮೂತ್ರಕ್ಕೆ ಹೋಗಲು ಅಪ್ಪಣೆ ಕೇಳಬೇಕಿತ್ತು ಎಂಬುದನ್ನು, ಹುಡುಗಿಯೊಬ್ಬಳು ಜ್ವರ ಬಂದು ಮಲಗಿದ್ದನ್ನು ನಾನು ಬಿಡಿಸಿ ಹೇಳಿದೆ. ಎಲ್ಲ ಕೇಳಿದ ಮೇಲೆ, "ಅದು ಸರಿ ಮೇಡಂ, ಆ ಹೆಂಗಸು ನಿಜಕ್ಕೂ ಎಷ್ಟು ಸಲ ಹೋಗ್ತಿದ್ರು?" ಎಂದ. ಫೋನ್ ಇಟ್ಟೆ. ಆ ವಾರದ ಸುದ್ದಿಯ ತಲೆಬರಹ: 'ನಂಬರ್ ಒನ್ ಗಲಾಟೆ ಕೋರ್ಟಿಗೆ!' ಅದೇ ಪುಟದ ಕೆಳಗೆ ಅಂಗಡಿಯ ರಿಯಾಯಿತಿ ಮಾರಾಟದ ಜಾಹೀರಾತು. ಅಕ್ಕನ ಗಂಡ ಅದನ್ನು ಜಯಪುರದ ಹೋಟೆಲಿನಲ್ಲಿ ನೋಡಿದ. ಸುತ್ತಲಿನವರು ನೋಡುತ್ತಿದ್ದಾರೆಂದು ಅರ್ಧ ತಿಂದ ಇಡ್ಲಿ ಬಿಟ್ಟು ಎದ್ದು ಬಂದನಂತೆ. ಮನೆಗೆ ಬಂದು, "ಕೇಸು ವಾಪಸ್ ತಗೊಳೋಣನಾ?" ಎಂದ. "ತಗೊಂಡ್ರೆ ಈ ಪೇಪರಲ್ಲಿ ಬಂದಿದ್ದೇ ಉಳೀತದೆ" ಎಂದಳು ಅಕ್ಕ. ಆಮೇಲೆ ಅವನು ಕೋರ್ಟಿನ ಪ್ರತಿ ವಾಯಿದೆಗೂ ಅವಳ ಜೊತೆ ಬಂದ.

ಕಾರ್ಮಿಕ ನ್ಯಾಯಾಲಯದ ಐತೀರ್ಪು ಬಂದಾಗ ಅಕ್ಕ ಗೆದ್ದಿದ್ದಳು. ವಿಚಾರಣೆ ಮಾಡದೆ ತೆಗೆದದ್ದು ತಪ್ಪು, ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಬೇಕು ಎಂದಿತ್ತು. ತಾನೇ ಬಿಟ್ಟು ಹೋದಳೆಂಬ ಮಾಲೀಕರ ವಾದವೂ, ಉದ್ಧಟತನಕ್ಕೆ ತೆಗೆದೆವೆಂಬ ಅವರ ಇನ್ನೊಂದು ವಾದವೂ ಒಂದಕ್ಕೊಂದು ಕೂಡುವುದಿಲ್ಲ ಎಂದೂ ಇತ್ತು. ನ್ಯಾಯವಾದ ಮಾತುಗಳೇ. ಜಯಪುರದ ಅವಳ ಮನೆಯಲ್ಲಿ ಕೂತು ನಾನು ಅದನ್ನು ಮೊದಲಿನಿಂದ ಕೊನೆಯ ತನಕ ಓದಿ ಹೇಳಿದೆ. ಶೌಚಾಲಯ ಮತ್ತು ಕೂರುವ ವ್ಯವಸ್ಥೆಯ ವಿಷಯ ಬಂದಲ್ಲಿ ಒಂದೇ ವಾಕ್ಯವಿತ್ತು: ಅವು ಈ ವಿವಾದದ ವ್ಯಾಪ್ತಿಗೆ ಬರುವುದಿಲ್ಲ.

"ಹಂಗಾದ್ರೆ ನಾನು ಎಂತಕ್ಕೆ ಕೂತೆ ಅಂತ ಇದ್ರಲ್ಲಿ ಎಲ್ಲೂ ಇಲ್ಲನಾ?" ಅಕ್ಕ ಕೇಳಿದಳು.

"ಇಲ್ಲ ಅಕ್ಕ."

"ಸುಮ್ನೆ ಕೂತವ್ಳು ಅಂತಾಯ್ತು."

ಅವಳ ಗಂಡ, "ಗೆದ್ದೀವಲ್ಲ" ಎಂದ. ಅಕ್ಕ ಹೌದೆಂದು ತಲೆಯಾಡಿಸಿ ಒಲೆಯ ಹತ್ತಿರ ಹೋದಳು. ಗೆದ್ದದ್ದು ನಿಜ. ನನಗೆ ಮಾತ್ರ ಆ ಕಾಗದ ಹಿಡಿದ ಬೆರಳುಗಳನ್ನು ತೊಳೆದುಕೊಳ್ಳಬೇಕು ಎನಿಸುತ್ತಿತ್ತು. ಬರೆದವರ ಮೇಲೆ ಸಿಟ್ಟಲ್ಲ. ಇಷ್ಟೆಲ್ಲ ಹೇಸಿಗೆಯನ್ನು ಒಂದು ಕೋಣೆಯೊಳಗೆ ಅವಳ ಮೈಮೇಲೆ ಸುರಿಯಲು ಜಾಗವಿತ್ತು, ಅದು ಎಲ್ಲಿಂದ ಬಂತೆಂದು ಬರೆಯಲು ಜಾಗವಿರಲಿಲ್ಲ. ವಾರಪತ್ರಿಕೆಯಲ್ಲಿ ಈ ಸಲ ಯಜಮಾನರ ಫೋಟೋ ಬಂತು: 'ಹಳೆಯ ನೌಕರಳಿಗೆ ಮತ್ತೆ ಆಶ್ರಯ ನೀಡಿದ ಉದ್ಯಮಿ'.

ನಾನು ಕಾರ್ಮಿಕ ಇಲಾಖೆಗೆ ಬೇರೆಯಾಗಿ ಒಂದು ದೂರು ಬರೆದೆ. ತಪಾಸಣೆಗೆ ಬಂದರು. ಯಜಮಾನರು ಅವರನ್ನು ನೇರ ಮಹಡಿಗೆ ಕರೆದುಕೊಂಡು ಹೋಗಿ ತಮ್ಮ ಶೌಚಾಲಯವನ್ನು ತೆರೆದು, ಹೆಂಗಸರಿಗೆ ಇದೇ ಎಂದು ತೋರಿಸಿದರು. ಬಂದವರು ಹುಡುಗಿಯರನ್ನು ಕರೆದು ಹೌದೇ ಎಂದು ಕೇಳಿದರು. ಪಕ್ಕದಲ್ಲಿ ಮ್ಯಾನೇಜರ್ ನಿಂತಿದ್ದ. ಎಲ್ಲರೂ ಹೌದೆಂದರು. ಜ್ವರ ಬಂದು ಮಲಗಿದ್ದ ಹುಡುಗಿಯೂ ಹೌದೆಂದಳು.

ಅಕ್ಕನನ್ನು ಕೊಪ್ಪದ ಅಂಗಡಿಗೆ ಸೇರಿಸಲಿಲ್ಲ. ನರಸಿಂಹರಾಜಪುರದಲ್ಲಿದ್ದ ಅವರ ಗೋದಾಮಿಗೆ ಹಾಕಿದರು. ಬ್ಲೌಸ್ ಪೀಸ್ ಮಡಿಸಿ ಕಟ್ಟುವ ಕೆಲಸ, ಅವಳೊಬ್ಬಳೇ. ಗೋದಾಮಿನಲ್ಲಿ ಶೌಚಾಲಯವೇನೋ ಇತ್ತು. ಬಾಗಿಲು ನೂಕಿದರೆ ಅರ್ಧವಷ್ಟೇ ತೆರೆಯಿತಂತೆ. ಒಳಗೆ ಸೀರೆ ಉಡಿಸುವ ಹಳೇ ಗೊಂಬೆಗಳನ್ನು ಮೇಲಿನ ತನಕ ತುರುಕಿದ್ದರು. ಕೈ ಮುರಿದವು, ಮೂಗು ಹೋದವು, ಧೂಳು, ಇಲಿ ಹಿಕ್ಕೆ. ಮ್ಯಾನೇಜರಿಗೆ ಫೋನ್ ಮಾಡಿದರೆ ನೋಡೋಣ ಎಂದ. ಮತ್ತೆ ಮಾಡಿದರೆ ಎತ್ತಲಿಲ್ಲ.

ಮರುದಿನ ನಾನು ಊಟದ ಬಿಡುವಿನಲ್ಲಿ ಅವಳನ್ನು ನೋಡಲು ಹೋದಾಗ ಗೋದಾಮಿನ ಎದುರು ಜನ ಸೇರಿದ್ದರು. ಅಕ್ಕ ಗೊಂಬೆಗಳನ್ನು ಒಂದೊಂದಾಗಿ ಹೊತ್ತು ತಂದು ರಸ್ತೆಯ ಬದಿಗೆ ಸಾಲಾಗಿ ನಿಲ್ಲಿಸುತ್ತಿದ್ದಳು. ಯಾವುದಕ್ಕೂ ಮೈಮೇಲೆ ಬಟ್ಟೆಯಿರಲಿಲ್ಲ. ಬಸ್ಸಿನವರು ನಿಧಾನ ಮಾಡಿ ನೋಡಿ ಹೋಗುತ್ತಿದ್ದರು. ಮೊಬೈಲುಗಳು ಹೊರಬಂದಿದ್ದವು. "ನೀನೂ ಒಂದು ಹಿಡಿ" ಎಂದಳು. ಹಿಡಿದೆ. ಅಂಗೈಗೆ ಹತ್ತಿದ ಕೊಳೆ ಒಂದು ಥರ ಜಿಡ್ಡು ಜಿಡ್ಡಾಗಿತ್ತು.

ಮ್ಯಾನೇಜರ್ ಕೊಪ್ಪದಿಂದ ಕಾರಿನಲ್ಲಿ ಓಡಿ ಬಂದ. ಮುಖ ಕೆಂಪಾಗಿತ್ತು. "ಹೆಣ್ಣು ಗೊಂಬೆಗಳನ್ನ ಹಿಂಗೆ ರಸ್ತೇಲಿ ನಿಲ್ಸಿದ್ಯಲ್ಲ, ನಾಚಿಕೆ ಆಗಲ್ವಾ ನಿಂಗೆ? ಅಂಗಡಿ ಮರ್ಯಾದೆ ಎಂತ ಆಗ್ಬೇಕು?" ಎಂದು ಕಾರಿನಿಂದ ಬೆಡ್‌ಶೀಟುಗಳನ್ನು ತೆಗೆದು ಒಂದೊಂದಕ್ಕೂ ಹೊದಿಸತೊಡಗಿದ. ಎಷ್ಟು ಜತನದಿಂದ ಹೊದಿಸುತ್ತಿದ್ದ! ಜ್ವರದಿಂದ ಎದ್ದು ಬಂದ ಹುಡುಗಿಗೆ ಅವನು ಕೇಳಿದ ಮಾತು ನನಗೆ ನೆನಪಾಯಿತು. ಅಕ್ಕ ಅವನ ಕಡೆ ನೋಡಲೇ ಇಲ್ಲ. ಒಳಗೆ ಹೋಗಿ ನೀರು ಬಿಟ್ಟು ನೆಲ ತಿಕ್ಕಿದಳು. ಆ ದಿನದಿಂದ ಆ ಕೋಣೆಯಲ್ಲಿ ಯಾರೂ ಏನನ್ನೂ ತುರುಕಲಿಲ್ಲ.

ಗೊಂಬೆಗಳ ಫೋಟೋ ಊರೂರು ಸುತ್ತಿತು. ಈ ಸಲ ಜನ ನಕ್ಕದ್ದು ಅಂಗಡಿಯ ಕಡೆಗೆ. ಹೌದೆಂದು ತಲೆಯಾಡಿಸಿದ್ದ ಹುಡುಗಿಯರಲ್ಲಿ ಮೂವರು ಒಂದು ಭಾನುವಾರ ಜಯಪುರಕ್ಕೆ ಹೋಗಿ ಅಕ್ಕನ ಹತ್ತಿರ ವಕೀಲರ ನಂಬರ್ ಕೇಳಿದರು. ಜ್ವರದ ಹುಡುಗಿ ದೂರಿಗೆ ತನ್ನ ಹೆಸರು ಹಾಕಿದಳು. ಈ ಸಲ ನ್ಯಾಯಾಲಯದ ತನಕ ಹೋಗಬೇಕಾಗಲಿಲ್ಲ. ರಾಜಿಗೆ ಕರೆದಾಗಲೇ ಯಜಮಾನರು ಸ್ಟೂಲು ಕೊಡಲು, ಕೆಳಗೆ ಹೆಂಗಸರಿಗೆ ಶೌಚಾಲಯ ಕಟ್ಟಿಸಲು ಒಪ್ಪಿದರು. ಕಟ್ಟಿಸಿ, ರಿಬ್ಬನ್ ಕಟ್ಟಿ ಉದ್ಘಾಟನೆಯನ್ನೂ ಮಾಡಿದರು. ಕತ್ತರಿ ಹಿಡಿದು ನಗುತ್ತಿದ್ದ ಅವರ ಫೋಟೋ ವಾರಪತ್ರಿಕೆಯಲ್ಲಿ ಬಂತು. 'ಮಹಿಳಾ ಸ್ನೇಹಿ' ಎಂಬ ಪದವೂ ಇತ್ತು. ನಾನು ಆ ಹಾಳೆಯನ್ನು ಹೋಟೆಲಿನ ಮೇಜಿನ ಮೇಲೆ ಮಗುಚಿಟ್ಟು ಬಂದೆ.

ಅಕ್ಕ ಆಮೇಲೆ ಕಾಲಿನ ನರದ ಆಪರೇಷನ್ ಮಾಡಿಸಿಕೊಂಡು ತಾನಾಗಿಯೇ ಕೆಲಸ ಬಿಟ್ಟಳು. ಈಗ ಮನೆಯಲ್ಲೇ ಸೀರೆಗೆ ಫಾಲ್ ಹಚ್ಚಿ ಕೊಡುತ್ತಾಳೆ. ಮೊನ್ನೆ ಕೊಪ್ಪಕ್ಕೆ ಹೋದವಳು ಸೀದಾ ಅಂಗಡಿಗೆ ನುಗ್ಗಿ, ಹೊಸ ಶೌಚಾಲಯಕ್ಕೆ ಹೋಗಿ ಬಂದಳಂತೆ.

"ಯಜಮಾನ್ರು ಅಲ್ಲೇ ಇದ್ರು. ಎಂತದೂ ಮಾತಾಡ್ಲಿಲ್ಲ."

"ಹೆಂಗಿದೆ ಅಕ್ಕ?"

"ಚಿಲಕ ಒಳಗಿಂದ ಚಲೋ ಬೀಳ್ತದೆ ಮಾರಾಯ್ತಿ. ನೀರಿನ ಪ್ರೆಶರ್ ಸಾಲ್ದು. ಹುಡುಗೀರಿಗೆ ಹೇಳಿ ಬಂದೀನಿ, ಕೇಳ್ರೇ ಅಂತ."